ರಾಕೆಟ್ ಎಂಜಿನ್: ನೆನಪಿಡಬೇಕಾದ ಅಂಶಗಳು

1. ತತ್ವ: ನ್ಯೂಟನ್‌ನ 3ನೇ ನಿಯಮ. ರಾಕೆಟ್ ಗಾಳಿಯನ್ನು ತಳ್ಳಿ ಏರುತ್ತದೆ ಎಂಬುದು ತಪ್ಪು. ನಿರ್ವಾತದಲ್ಲೂ ಅದು ಚಲಿಸುತ್ತದೆ. ದೀಪಾವಳಿ ರಾಕೆಟ್‌ಗೂ ಇದೇ ನಿಯಮ.

2. ಗೊಂದಲ ಬೇಡ: ಜೆಟ್ ಎಂಜಿನ್ ಗಾಳಿಯ ಆಮ್ಲಜನಕ ಬಳಸುತ್ತದೆ, ರಾಕೆಟ್ ಆಕ್ಸಿಡೀಕಾರಕವನ್ನು ತಾನೇ ಹೊರುತ್ತದೆ.

3. ಮೈಸೂರು ರಾಕೆಟ್ (ಬಹುಮುಖ್ಯ): ಹೈದರ್, ಟಿಪ್ಪು ಕಾಲದ್ದು. ಕಬ್ಬಿಣದ ಕೊಳವೆ, ಒಳಗೆ ಕರಿಮದ್ದು, ಸಮತೋಲಕ್ಕೆ ಬಿದಿರು. ಇವು ಬಳಕೆಯಾದ ಪೊಳ್ಳಿಲೂರು ಕದನ: 1780. ಇವುಗಳ ಪ್ರೇರಣೆಯಿಂದ ಬ್ರಿಟನ್‌ನಲ್ಲಿ ಕಾಂಗ್ರೀವ್ ರಾಕೆಟ್. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ನಮ್ಮ ಮಣ್ಣಿನ ಸಾಕ್ಷಿ, ಮರೆಯಬೇಡಿ.

4. ಹವ್ಯಾಸದ ಮಾದರಿ ರಾಕೆಟ್: ಮೋಟಾರಿನ ಮೇಲಿನ ‘ಸಿ6-5’ ಓದುವುದು ಹೀಗೆ: ಸಿ = ಒಟ್ಟು ಆವೇಗ (5.01–10 ನ್ಯೂಟನ್-ಸೆಕೆಂಡ್); 6 = ಸರಾಸರಿ ನೂಕುಬಲ, ನ್ಯೂಟನ್‌ಗಳಲ್ಲಿ; 5 = ಇಂಧನ ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಹೊರಬರುವವರೆಗಿನ ಸೆಕೆಂಡುಗಳು.

5. ಭಾರತದ ರಾಕೆಟ್ ಎಂಜಿನ್‌ಗಳು: ವಿಕಾಸ್: ದ್ರವ ಇಂಧನದ ಎಂಜಿನ್. ಸಿಇ-20: ಕ್ರಯೋಜೆನಿಕ್ (ಅತಿಶೀತಲ ದ್ರವ ಇಂಧನದ) ಎಂಜಿನ್.