ಮಗುವಿನ ಕೈಗೆ ಮೊಬೈಲ್ ಕೊಟ್ಟವರಾರು?



“ಮೊಬೈಲ್ ಕೊಡದಿದ್ರೆ ಒಂದು ತುತ್ತೂ ತಿನ್ನಂಗಿಲ್ಲ ಫಾದರ್” ಎಂಬ ದೂರು ಬಳ್ಳಾರಿ ನಗರದಲ್ಲೂ ಸಿರುಗುಪ್ಪ, ಕುರುಗೋಡುಗಳಲ್ಲೂ ಕೇಳಿಬರುತ್ತದೆ. ಆದರೆ ಆ ಮೊಬೈಲ್ ಮಗುವಿಗೆ ಮೊದಲು ಸಿಕ್ಕಿದ್ದು ಯಾರಿಂದ?

ಕೊಟ್ಟದ್ದಕ್ಕೆ ಕಾರಣಗಳಿವೆ, ಒಪ್ಪೋಣ. ಮನೆಯಲ್ಲೇ ಜೀನ್ಸ್ ಹೊಲಿಯುವ ತಾಯಿಯ ಸುತ್ತ ಕತ್ತರಿ, ಸೂಜಿಗಳಿರುತ್ತವೆ. ಮಗು ಒಂದು ಕಡೆ ಕೂತರೆ ಸಾಕು ಅನ್ನಿಸುತ್ತದೆ. ಮೇ ತಿಂಗಳ ಬಿಸಿಲಿಗೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಭತ್ತದ ನಾಟಿ ಬಂತೆಂದರೆ ಮಗು ಅಜ್ಜಿಯ ಪಾಲು, ಅಜ್ಜಿಗೆ ಓಡಲಾಗದು. ಸಾಲದ್ದಕ್ಕೆ 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠವೇ ಮೊಬೈಲಿಗೆ ಬಂತು. ಆ ಜೂನ್‌ನಲ್ಲಿ ರಾಜ್ಯ ಸರ್ಕಾರ 5ನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಶಾಲೆಗಳು ಮರಳಿ ತೆರೆದವು, ಎಷ್ಟೋ ಮನೆಗಳಲ್ಲಿ ಮೊಬೈಲ್ ಮಾತ್ರ ಮಗುವಿನ ಕೈಯಲ್ಲೇ ಉಳಿಯಿತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಒಂದು ವರ್ಷದೊಳಗಿನ ಶಿಶುವಿಗೆ ಪರದೆ ಬೇಡವೇ ಬೇಡ; 2ರಿಂದ 4 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಏಕೆ? ಮಗು ಮಾತು ಕಲಿಯುವುದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರದಿಂದ. ಅದು ಕಾಗೆಯತ್ತ ಬೆರಳು ಮಾಡುತ್ತದೆ, ನೀವು “ಕಾಗೆ” ಎನ್ನುತ್ತೀರಿ, ಅದು ತೊದಲುತ್ತದೆ, ನೀವು ನಗುತ್ತೀರಿ. ಪರದೆಯೂ ಮಾತಾಡುತ್ತದೆ ನಿಜ, ಆದರೆ ಮಗುವಿನ ತೊದಲಿಗೆ ಕಾಯುವುದಿಲ್ಲ. ಪರದೆ ನೋಡುತ್ತಾ ಉಣ್ಣುವ ಮಗುವಿಗೆ ಹೊಟ್ಟೆ ತುಂಬಿದ್ದರ ಕಡೆ ಗಮನವಿರದು. ಅತ್ತಾಗಲೆಲ್ಲ ಮೊಬೈಲ್ ಕೊಟ್ಟರೆ, ಅಳುವನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಅಭ್ಯಾಸಕ್ಕೆ ಅವಕಾಶವೇ ಸಿಗುವುದಿಲ್ಲ; ಜೋರಾಗಿ ಅತ್ತರೆ ಸಿಗುತ್ತದೆ ಎಂಬ ಪಾಠವಂತೂ ಬೇಗ ಹತ್ತುತ್ತದೆ.

ಜಗದ್ಗುರು ಎರಡನೇ ಜಾನ್ ಪಾಲ್‌ರು 1994ರ ಸಮೂಹ ಸಂಪರ್ಕ ದಿನದ ಸಂದೇಶವನ್ನು ಟಿ.ವಿ. ಮತ್ತು ಕುಟುಂಬದ ವಿಷಯಕ್ಕೇ ಮೀಸಲಿಟ್ಟಿದ್ದರು. ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸಕ್ಕೆ ಟಿ.ವಿ.ಯನ್ನು ಹಚ್ಚುವ ಹೆತ್ತವರು ಮಕ್ಕಳ ಮೊದಲ ಶಿಕ್ಷಕರೆಂಬ ತಮ್ಮ ಸ್ಥಾನವನ್ನೇ ಬಿಟ್ಟುಕೊಡುತ್ತಾರೆ ಎಂಬುದು ಅವರ ಎಚ್ಚರಿಕೆ. ಅಂದಿನ ಟಿ.ವಿ. ನಡುಮನೆಯಲ್ಲಿತ್ತು, ಏನು ನಡೆದಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಇಂದಿನದು ಹೊದಿಕೆಯೊಳಗೂ ಬರುತ್ತದೆ. ಒಂದು ವಿಡಿಯೋ ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ. “ಇದೊಂದೇ” ಎಂದ ಮಗುವಿಗೆ ಮುಕ್ತಾಯವೇ ಸಿಗದು.

ಅಪ್ಪ ಊಟದ ತಟ್ಟೆಯ ಮುಂದೆ ರೀಲ್ಸ್ ತಳ್ಳುತ್ತಾ “ಓದ್ಕೋ ಹೋಗು” ಎಂದರೆ ಮಗು ಕಿವಿಗಿಂತ ಕಣ್ಣನ್ನೇ ನಂಬುತ್ತದೆ. ಆದ್ದರಿಂದ ಮೊದಲು ದೊಡ್ಡವರ ಮೊಬೈಲ್ ಊಟಕ್ಕೆ ಮುಂಚೆ ಕಪಾಟಿನ ಮೇಲೇರಲಿ, ರಾತ್ರಿ ಹಾಸಿಗೆಯಿಂದ ದೂರವಿರಲಿ. ಮಗು ನೋಡುವುದಾದರೆ ಜೊತೆಯಲ್ಲಿ ಕೂತು, ಕಂಡದ್ದರ ಬಗ್ಗೆ ಮಾತಾಡಿ. ಹೊಲಿಗೆಯ ಹೊತ್ತಿಗೆ ಹಳೆಯ ಡಬ್ಬಿ, ಚಮಚ, ಬಟ್ಟೆಯ ಚೂರುಗಳು ಸಾಕು. ಗದ್ದಲ ತಡೆದುಕೊಳ್ಳಬೇಕು, ಅಷ್ಟೇ.

ಬಿಡಿಸುವ ಮೊದಲ ಕೆಲವು ದಿನ ಅಳು, ಹಟ ಹೆಚ್ಚುತ್ತದೆ. ಕರಗಿ ಒಮ್ಮೆ ಕೊಟ್ಟಿರೋ, ಮರುದಿನ ಹಟ ಇನ್ನಷ್ಟು ಜೋರು. ಈ ವಿಷಯ ಅಜ್ಜಿಗೂ ಮೊದಲೇ ತಿಳಿಸಿಡಿ.