ಉತಾರಾ ಸಿಕ್ತೇನಣ್ಣಾ?

ಮಹಾರಾಷ್ಟ್ರದ ಉಮರ್ಗಾದ ನಮ್ಮ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ನಾನು ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಮನೆತನದ ಕಾಗದಪತ್ರವೆಲ್ಲ ಸ್ಕ್ಯಾನ್ ಮಾಡಿ ಅದರೊಳಗೆ ತುಂಬಿದೆ. ತಮ್ಮ ನಿಲಂಗಾದಲ್ಲಿ, ತಂಗಿ ಉದಗೀರದಲ್ಲಿ. ಯಾರಿಗೆ ಯಾವ ಕಾಗದ ಬೇಕಾದರೂ ಫೋನು ನನಗೇ. ಒಂದು ದಿನ ತಂಗಿ ಕಚೇರಿಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಕೇಳಿದಳು: "ಅಣ್ಣಾ, ಸಾತ್‌ಬಾರಾ ಉತಾರಾ ಸಿಕ್ತೇನು? ಸಾಹೇಬ್ರು ಊಟಕ್ಕ ಹೊಂಟಾರ." ಸಾತ್‌ಬಾರಾ ಉತಾರಾ ಎಂದರೆ ಹೊಲದ ಪಹಣಿ. ನಾನು ಡಿ ಡ್ರೈವ್ ತೆಗೆದೆ, ಅದರಲ್ಲಿ 'ನ್ಯೂ ಫೋಲ್ಡರ್', ಅದರಲ್ಲಿ 'ನ್ಯೂ ಫೋಲ್ಡರ್ (2)', ಅದರಲ್ಲಿ 'ಸ್ಕ್ಯಾನ್', ಅದರಲ್ಲಿ 'ಹಳೇ ಸ್ಕ್ಯಾನ್'. ಉತಾರಾ ಸಿಗುವ ಹೊತ್ತಿಗೆ ಸಾಹೇಬರ ಊಟ ಮುಗಿದು ಎಲೆ ಅಡಿಕೆಯೂ ಆಗಿತ್ತು. ಅಂದಿನಿಂದ ಕಲಿತದ್ದನ್ನು ಬರೆಯುತ್ತಿದ್ದೇನೆ. ನನ್ನದು ವಿಂಡೋಸ್ ಯಂತ್ರ, ಹಾಗಾಗಿ ಮಾತೆಲ್ಲ ಅದರದೇ.

1. ಫೋಲ್ಡರಿಗೆ ಜಿಲ್ಲೆಯ ಹೆಸರಿಡಬೇಡಿ. ಮೊದಲು ನಾನು ಜಿಲ್ಲಾವಾರು ಇಟ್ಟಿದ್ದೆ, ಅಲ್ಲೇ ಎಡವಿದ್ದು. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಉಸ್ಮಾನಾಬಾದಿಗೆ ಹೋದವು. 1982ರಲ್ಲಿ ಲಾತೂರ ಬೇರೆ ಜಿಲ್ಲೆಯಾದಾಗ ಅದಕ್ಕೆ ಸೇರಿದವು. ನಮ್ಮ ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು, ಆದರೆ 2023ರಲ್ಲಿ ಆ ಜಿಲ್ಲೆಯೇ ಧಾರಾಶಿವ ಆಯಿತು. ಅಂದರೆ ನಿಲಂಗಾ ಕಡೆಯ ಒಂದೇ ಹೊಲದ ಕಾಗದ ಅಜ್ಜನ ಕಾಲದಲ್ಲಿ ಬೀದರ, ಅಪ್ಪನ ಕಾಲದಲ್ಲಿ ಉಸ್ಮಾನಾಬಾದ, ನನ್ನ ಕಾಲದಲ್ಲಿ ಲಾತೂರ. ಮೂರು ಫೋಲ್ಡರು ಮಾಡಿಕೊಂಡು ಮೂರರಲ್ಲೂ ಹುಡುಕುತ್ತಿದ್ದೆ. ಈಗ ಹಳ್ಳಿಯ ಹೆಸರು, ಅದರೊಳಗೆ ಹೊಲದ ಗಟ್ ನಂಬರು, ಅಷ್ಟೇ. ಸರಕಾರ ಜಿಲ್ಲೆ ಬದಲಿಸಬಹುದು, ಹೊಲವನ್ನು ಎಲ್ಲಿಗೂ ಒಯ್ಯಲಾರದು.

2. ಒಂದೇ ಕಾಗುಣಿತ ಹಿಡಿಯಿರಿ. ಇಂಗ್ಲಿಷಿನಲ್ಲಿ ನಮ್ಮೂರನ್ನು ಕೆಲವರು 'ಓ'ದಿಂದ ಶುರುಮಾಡಿ ಬರೆದರೆ ಕೆಲವರು 'ಯು'ದಿಂದ. ಉದಗೀರಕ್ಕೆ ಕೆಲವರು ಒಂದು 'ಐ' ಹಾಕುತ್ತಾರೆ, ಕೆಲವರು ಎರಡು 'ಇ'. ಕಾಗದ ಕೊಟ್ಟವರ ಕಾಗುಣಿತವನ್ನೇ ಫೋಲ್ಡರಿಗೂ ಇಟ್ಟರೆ ಸರ್ಚ್‌ನಲ್ಲಿ ಒಂದು ಸಿಗುತ್ತದೆ, ಇನ್ನೊಂದು ಕಣ್ಣು ತಪ್ಪಿಸುತ್ತದೆ. ನಾನಂತೂ ಕನ್ನಡದಲ್ಲೇ ಇಡುತ್ತೇನೆ, ಆದರೆ ಯೂನಿಕೋಡಿನಲ್ಲಿ. ಮೊದಲು ಹಳೆಯ 'ನುಡಿ' ಫಾಂಟಿನಲ್ಲಿ ಹೆಸರು ಟೈಪ್ ಮಾಡುತ್ತಿದ್ದೆ. ಫೋಲ್ಡರ್ ಪಟ್ಟಿಗೆ ಆ ಫಾಂಟ್ ಗೊತ್ತಿಲ್ಲವಾದ್ದರಿಂದ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಕ್ಕೆ ಕೋಡು, ಬಾಲ ಮೂಡಿದಂತೆ ಕಾಣುತ್ತಿತ್ತು. ಮನೆಯವಳು ನೋಡಿ, "ಇದು ಯಾ ದೇಶದ ಭಾಷಾ ರೀ?" ಅಂದಳು.

3. ದಿನಬಳಕೆಯದನ್ನು ಎಡಬದಿಗೆ ಪಿನ್ ಮಾಡಿ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪಿನ್ ಟು ಕ್ವಿಕ್ ಆ್ಯಕ್ಸೆಸ್. ಆಮೇಲೆ ವಿಂಡೋಸ್ ಕೀ ಹಿಡಿದು 'ಇ' ಒತ್ತಿದರೆ ತೆರೆಯುವ ಕಿಟಕಿಯ ಎಡಕ್ಕೆ ಅದು ಕಾದು ಕೂತಿರುತ್ತದೆ. ಇದರ ನಿಜವಾದ ಲಾಭ ನನಗೆ ತಡವಾಗಿ ಗೊತ್ತಾಯಿತು. ಆನ್‌ಲೈನ್ ಫಾರ್ಮ್ ತುಂಬುವಾಗ 'ಚೂಸ್ ಫೈಲ್' ಒತ್ತಿದರೂ, ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಫೈಲ್ ಸೇರಿಸಹೋದರೂ, ಸೇವ್ ಆ್ಯಸ್ ಕೊಟ್ಟರೂ ಆ ಪಟ್ಟಿಯೇ ಎಡಗಡೆ ಬರುತ್ತದೆ. ಒಮ್ಮೆ ಪಿನ್ ಮಾಡಿದ್ದು ಎಲ್ಲ ಕಡೆ ಉಪಯೋಗಕ್ಕೆ ಬಂತು. ನನ್ನ ಪಟ್ಟಿಯಲ್ಲಿ ಐದೇ: ಹೊಲ, ಮನೆ, ಬ್ಯಾಂಕು, ಮಕ್ಕಳ ದಾಖಲೆ, ಮೊಮ್ಮಗನಿಗಾಗಿ ಇಳಿಸಿದ, ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪುಸ್ತಕಗಳು. ಹದಿನೈದು ಪಿನ್ ಮಾಡಿದವರನ್ನೂ ಕಂಡಿದ್ದೇನೆ, ಅವರು ಪಿನ್ ಪಟ್ಟಿಯಲ್ಲೇ ಹುಡುಕುತ್ತಿರುತ್ತಾರೆ.

4. ಕಂಪ್ಯೂಟರ್ ತಾನೇ ಸೇರಿಸುವ ಪಟ್ಟಿಯನ್ನು ನಂಬಬೇಡಿ. ಹೆಚ್ಚು ತೆರೆದ ಫೋಲ್ಡರುಗಳನ್ನು ಅದು ತಾನಾಗಿಯೇ ತೋರಿಸುತ್ತದೆ, ಇವತ್ತು ಇದ್ದದ್ದು ನಾಳೆ ಇಲ್ಲ. ಮೇಲಾಗಿ ಮನೆಮಂದಿಯೆಲ್ಲ ಒಂದೇ ಲಾಗಿನ್ ಬಳಸಿದರೆ ಯಾರು ಏನು ತೆರೆದರೆಂಬುದು ಎಲ್ಲರಿಗೂ ಕಾಣುತ್ತದೆ. ನಮ್ಮ ಮಗನೇ ಬಂದು ಫೋಲ್ಡರ್ ಆಪ್ಶನ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿದ. ಯಾಕೆಂದು ನಾನು ಕೇಳಲಿಲ್ಲ.

5. ಶಾರ್ಟ್‌ಕಟ್ ಬೇರೆ, ಫೋಲ್ಡರ್ ಬೇರೆ. ತಮ್ಮನ ಮಗನ ಅಡ್ಮಿಶನ್ನಿಗೆ ಅವನ ದಾಖಲೆಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಸ್ಸು ಹತ್ತಿ ಲಾತೂರಿಗೆ ಹೋದೆ. ಡೆಸ್ಕ್‌ಟಾಪ್ ಮೇಲಿದ್ದ ಫೋಲ್ಡರನ್ನೇ ಕಾಪಿ ಮಾಡಿದ್ದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿತ್ತು. ಅಷ್ಟು ಪುಟ ಅಷ್ಟು ಬೇಗ ಹೇಗಾಯಿತೆಂದು ಅನುಮಾನ ಬರಬೇಕಿತ್ತು, ಬರಲಿಲ್ಲ. ಪ್ರಿಂಟ್ ಅಂಗಡಿಯ ಹುಡುಗ ತೆರೆದು ನೋಡಿ, "ಕಾಕಾ, ಹಾ ಶಾರ್ಟ್‌ಕಟ್ ಆಹೇ" ಎಂದ. ಒಳಗೆ ಇದ್ದದ್ದು ಒಂದೆರಡು ಕೆಬಿಯ ಒಂದೇ ಒಂದು ಫೈಲು: ಉಮರ್ಗಾದ ನನ್ನ ಡಿ ಡ್ರೈವ್‌ನ ವಿಳಾಸ. ಚೀಲ ತಾ ಅಂದರೆ ಚೀಲ ಇಟ್ಟ ಕಪಾಟಿನ ಗುರುತು ಬರೆದ ಚೀಟಿ ತಂದ ಹಾಗೆ. ಐಕಾನಿನ ಕೆಳಗೆ ಎಡಮೂಲೆಯಲ್ಲಿ ಸಣ್ಣ ಬಾಣವಿದ್ದರೆ ಅದು ಚೀಟಿ. ಪಿನ್ ಕೂಡ ಇಂಥದೇ: ಮೂಲ ಫೋಲ್ಡರನ್ನು ಬೇರೆ ಡ್ರೈವ್‌ಗೆ ಒಯ್ದರೆ ಪಿನ್ ತೆಗೆದು ಹೊಸದಾಗಿ ಮಾಡಬೇಕು.

6. ಹೆಸರಿನ ಮುಂದೆ ಅಂಕಿ ಹಾಕಿ. '1 ಹೊಲ', '2 ಮನೆ', '3 ಬ್ಯಾಂಕು' ಎಂದಿಟ್ಟರೆ ಅವು ಪಟ್ಟಿಯ ಮೇಲ್ಭಾಗದಲ್ಲೇ ನಿಲ್ಲುತ್ತವೆ. ಕನ್ನಡದ ಹೆಸರಿಗೆ ಇನ್ನೊಂದು ಅನುಕೂಲವೂ ಇದೆ. ಕೀಬೋರ್ಡನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸದೆ 3 ಒತ್ತಿದರೆ ನೇರ ಬ್ಯಾಂಕಿಗೆ. ತಾರೀಖು ಬರೆಯುವುದಾದರೆ ಇಸವಿ ಮೊದಲು, ತಿಂಗಳು ಆಮೇಲೆ: 2024-06. ಇಲ್ಲದಿದ್ದರೆ ಎಲ್ಲ ವರ್ಷದ ಜೂನ್ ಒಂದೆಡೆ ಗುಂಪು ಕೂಡುತ್ತವೆ.

7. ತೀರಾ ಅವಸರದ ಒಂದಕ್ಕೆ ಕೀ ಕೊಡಿ. ಡೆಸ್ಕ್‌ಟಾಪ್ ಮೇಲೆ ಅದರ ಶಾರ್ಟ್‌ಕಟ್ ಇಟ್ಟು, ಪ್ರಾಪರ್ಟೀಸ್‌ನಲ್ಲಿ ಶಾರ್ಟ್‌ಕಟ್ ಕೀ ಎಂಬಲ್ಲಿ ಒಂದಕ್ಷರ ಒತ್ತಿ. ಮುಂದೆ ಕಂಟ್ರೋಲ್, ಆಲ್ಟ್ ಜೊತೆ ಆ ಅಕ್ಷರ ಒತ್ತಿದರೆ ಫೋಲ್ಡರ್ ತೆರೆಯುತ್ತದೆ. ನಾನು 'ಯು' ಕೊಟ್ಟಿದ್ದೇನೆ, ಉತಾರಾದ ಯು.

ಮೊನ್ನೆ ತಂಗಿ ಮತ್ತೆ ಫೋನ್ ಮಾಡಿದಳು. "ಲೈನ್‌ನಾಗೇ ಇರವ್ವಾ" ಅಂದೆ. ಉತಾರಾ ಅವಳ ಮೊಬೈಲಿಗೆ ಹೋದ ಮೇಲೂ ಮಾತು ಉಳಿದಿತ್ತು, ತೊಗರಿಯ ಭಾವ ಕೇಳಿದೆ. ನಿಮ್ಮ ಡೆಸ್ಕ್‌ಟಾಪ್ ಮೇಲೆ 'ನ್ಯೂ ಫೋಲ್ಡರ್ (3)' ಅಂತ ಏನಾದರೂ ಇದ್ದರೆ, ಬೇರೇನೂ ಬೇಡ, ಇವತ್ತು ಅದಕ್ಕೊಂದು ಹೆಸರಿಡಿ.