ಅಗೆಯಬೇಕಾದುದೆಲ್ಲಿ?

೨೦೨೪ನೆಯ ಜುಲೈ ೩೦ರ ಬೆಳಗಿನ ಜಾವ ನಮ್ಮ ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡವು ಕುಸಿಯಿತು. ಸೇನೆಯು ಕಟ್ಟಿದ ೧೯೦ ಅಡಿಯ ಸೇತುವೆಯನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಸೇತುವೆ ದಾಟಿದವರು ಅಗೆಯಬೇಕಾದುದೆಲ್ಲಿ? ಬೀದಿಯೂ ಇಲ್ಲ, ಮನೆಯ ಗುರುತೂ ಇಲ್ಲ. ಉಪಗ್ರಹಚಿತ್ರಗಳನ್ನು ಪರಿಶೀಲಿಸಿದ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು, ಕಲ್ಲುಮಣ್ಣು ಸುಮಾರು ೮ ಕಿಲೋಮೀಟರು ಹರಿದಿದೆಯೆಂದು ತಿಳಿಸಿತು.

ಆಗಸ್ಟ್ ೨ರಂದು ಮುಂಡಕ್ಕೈಯಲ್ಲಿ ರೇಡಾರ್ ಉಪಕರಣವೊಂದು ಮಣ್ಣಿನಡಿಯಲ್ಲಿ ಉಸಿರಾಟದ ಸುಳಿವನ್ನು ತೋರಿಸಿತು. ರಾತ್ರಿಯವರೆಗೂ ಅಗೆದರು; ಯಾರೂ ದೊರೆಯಲಿಲ್ಲ. ಇದನ್ನು ಯಂತ್ರದ ಸೋಲೆಂದು ನಾನೆಣಿಸೆನು. ಸುಳಿವು ಸುಳಿವೇ ಹೊರತು ಸಾಕ್ಷ್ಯವಲ್ಲ. ಆದರೂ ಅಗೆಯದೆ ಬಿಡಲಾದೀತೆ? ಮರುದಿನವೇ ವಾಯುಪಡೆಯು ಇನ್ನಷ್ಟು ರೇಡಾರ್‌ಗಳನ್ನು ಹೊತ್ತು ತಂದಿತು.

ಕಾಣೆಯಾದವರು ಯಾರೆಂಬುದನ್ನು ಮಾತ್ರ ಯಾವ ರೇಡಾರೂ ಹೇಳಲಾರದು. ಜಿಲ್ಲಾಡಳಿತವು ಅದಕ್ಕಾಗಿ ಪಡಿತರ ಚೀಟಿ, ಮತದಾರರ ಪಟ್ಟಿಗಳನ್ನು ತಾಳೆನೋಡಿತು. ಮೊದಲು ಪ್ರಕಟವಾದ ಪಟ್ಟಿಯಲ್ಲಿ ೧೩೮ ಹೆಸರುಗಳಿದ್ದುವು.